300 ಅಶ್ವಶಕ್ತಿಯ ಆಕ್ಟೇವಿಯಾಗೆ ಸೈಲೆನ್ಸರ್ ಪೈಪ್: ಎರಡೂವರೆ ಇಂಚೋ, ಮೂರು ಇಂಚೋ?

ಸಕ್ಕರೆನಾಡು ಚಾಲಕ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನನ್ನದು ಆಕ್ಟೇವಿಯಾ ಆರ್‌ಎಸ್ 230. ಕಂಪನಿಯಿಂದ ಬಂದಾಗ 230 ಅಶ್ವಶಕ್ತಿ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಆದ ಮೇಲೆ 300ರ ಆಸುಪಾಸು. ದಿನವೂ ಮಂಡ್ಯದಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಇದರಲ್ಲೇ ಹೋಗಿಬರುತ್ತೇನೆ. ಈಗ ಟರ್ಬೊದಿಂದ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಹಿಂದಕ್ಕೆ ಪೂರ್ತಿ ಹೊಸ ಪೈಪ್ ಹಾಕಿಸಬೇಕೆಂದಿದ್ದೇನೆ. ಮೂರು ಇಂಚು ಹಾಕಿಸಿದರೆ ಪಿಕಪ್ ಸತ್ತುಹೋಗುತ್ತದೆ ಎಂದು ಒಬ್ಬರು, ಎರಡೂವರೆ ಹಾಕಿಸಿದರೆ ರೀಮ್ಯಾಪ್ ದುಡ್ಡು ದಂಡ ಎಂದು ಇನ್ನೊಬ್ಬರು. ಅಪ್ಪ ಅಮ್ಮನೂ ಇದೇ ಕಾರಿನಲ್ಲಿ ಓಡಾಡುವವರು, ಒಳಗೆ ಗುಂಯ್ಗುಡುವ ಸದ್ದು ಬೇಡ. ತಿಳಿದವರು ಹೇಳಿ.

ಕುವೆಂಪುನಗರ ಸವಾರ

ಎರಡೂವರೆ ಸಾಕು. ನಮ್ಮ ಬೀದಿಯ ಹೋಂಡಾ ಸಿಟಿಗೆ ದಪ್ಪ ಪೈಪ್ ಹಾಕಿಸಿದರು; ಸದ್ದು ಬಂತು, ಎಳೆತ ಹೋಯಿತು. ಎಂಜಿನ್‌ಗೆ ಸ್ವಲ್ಪ ಬ್ಯಾಕ್ ಪ್ರೆಷರ್, ಅಂದರೆ ಹೊಗೆ ಹೊರಹೋಗುವಾಗ ಎದುರು ಒತ್ತಡ, ಇರಲೇಬೇಕು.

ಬನ್ನಿಮಂಟಪದ ವೆಲ್ಡರ್

ಕುವೆಂಪುನಗರದವರು ಕಂಡದ್ದು ನಿಜ, ಕಾರಣ ಬೇರೆ. ಬ್ಯಾಕ್ ಪ್ರೆಷರ್ ಯಾವ ಎಂಜಿನ್‌ಗೂ ಬೇಕಿಲ್ಲ. ಪೆಟ್ರೋಲ್ ಹೋಂಡಾ ಸಿಟಿಯಂಥ ಟರ್ಬೊ ಇಲ್ಲದ ಎಂಜಿನ್‌ಗೆ ಬೇಕಾದದ್ದು ಹೊಗೆಯ ವೇಗ. ಒಂದು ಸಿಲಿಂಡರಿನ ಹೊಗೆ ಜೋರಾಗಿ ಹೊರಟರೆ ಅದರ ಬೆನ್ನಿಗೆ ಹುಟ್ಟುವ ಸೆಳೆತ ಉಳಿದ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ಪೈಪ್ ಅತಿಯಾಗಿ ಅಗಲವಾದರೆ ಆ ವೇಗ ಸಾಯುತ್ತದೆ. ಟರ್ಬೊ ಕಾರಿನಲ್ಲಿ ಈ ಆಟವೆಲ್ಲ ಟರ್ಬೈನ್ ಚಕ್ರದ (ಟರ್ಬೊ ಒಳಗೆ ಹೊಗೆ ತಿರುಗಿಸುವ ಚಕ್ರ) ಮುಂಚೆಯೇ ಮುಗಿದಿರುತ್ತದೆ. ಚಕ್ರ ತಿರುಗುವುದೇ ಅದರ ಎರಡು ಬದಿಯ ಒತ್ತಡದ ವ್ಯತ್ಯಾಸದಿಂದ. ಹಿಂದೆ ಒತ್ತಡ ಇಳಿದಷ್ಟೂ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಬೇಗ ಏರುತ್ತದೆ, ಅಂದರೆ ಪಿಕಪ್ ಸಾಯುವುದಿಲ್ಲ, ಹೆಚ್ಚುತ್ತದೆ.

ಲೆಕ್ಕಕ್ಕೆ ಬರೋಣ. ಅಂಗಡಿಯಲ್ಲಿ ಹೇಳುವ ಇಂಚು ಹೊರ ಅಳತೆ. 1.5 ಮಿ.ಮೀ. ದಪ್ಪದ ತಗಡಿನಲ್ಲಿ ಎರಡೂವರೆ ಇಂಚಿನ ಪೈಪ್‌ಗೆ ಒಳಗೆ ಸಿಗುವುದು 60.5 ಮಿ.ಮೀ., ಮೂರು ಇಂಚಿನದಕ್ಕೆ 73. ಅರ್ಧ ಇಂಚಿನ ಅಂತರ ಎನಿಸುತ್ತದೆ, ಹೊಗೆಗೆ ಸಿಗುವ ಜಾಗ ಮಾತ್ರ ಹೆಚ್ಚುಕಡಿಮೆ ಒಂದೂವರೆ ಪಟ್ಟು. ನಮ್ಮ ಕಸುಬಿನ ಅಂದಾಜಿನಲ್ಲಿ ಎರಡೂವರೆ 230 ಅಶ್ವಶಕ್ತಿಯವರೆಗೆ ನಿರಾಳ, ಎರಡು ಮುಕ್ಕಾಲು 280, ಮೂರು 330 ದಾಟುವವರೆಗೆ. ನಿಮ್ಮದು 300.

ಹಾಗೆಂದು ತುದಿಯವರೆಗೂ ಮೂರು ಇಂಚು ಬೇಕಿಲ್ಲ. ಟರ್ಬೊ ಬಾಯಲ್ಲಿ ಹೊಗೆ ಕೆಂಡದಂತಿರುತ್ತದೆ, ಉಬ್ಬಿರುತ್ತದೆ. ಹಿಂದಕ್ಕೆ ಹೋಗುತ್ತಾ ತಣ್ಣಗಾಗಿ ಕುಗ್ಗುತ್ತದೆ. ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಮೊದಲ ಪೈಪ್) ಮೂರು ಇಂಚು, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ದಾಟಿದ ಮೇಲೆ ಎರಡು ಮುಕ್ಕಾಲು. ನನ್ನ ಕಾರಾದರೆ ಹೀಗೇ ಮಾಡುತ್ತೇನೆ. ನಮ್ಮ ಕಡೆಯ ಹಂಪುಗಳನ್ನು ನೋಡಿದರೆ ಕಾರಿನ ಹೊಟ್ಟೆಯ ಕೆಳಗೆ ಒಂದೊಂದು ಮಿಲಿಮೀಟರೂ ಬೇಕು.

ಅಳತೆಗಿಂತ ನನ್ನನ್ನು ಹೆಚ್ಚು ಕಾಡುವುದು ಬೆಂಡು. ಬೇರೆಡೆ ಮಾಡಿಸಿದ ಮೂರು ಇಂಚಿನ ಪೈಪೊಂದು ಈಚೆಗೆ ನನ್ನ ಬಳಿ ಬಂದಿತ್ತು. ಹಿಂದಿನ ಆಕ್ಸಲ್ ಮೇಲೆ ಹಾಯುವ ತಿರುವನ್ನು ಗರಗಸದಲ್ಲಿ ಕತ್ತರಿಸಿ ನೋಡಿದೆ. ಒಳಮೈ ಸುಕ್ಕುಗಟ್ಟಿ, ಬಾಯಿ ಮೊಟ್ಟೆಯಾಕಾರವಾಗಿತ್ತು. ಕ್ಯಾಲಿಪರ್ ಇಟ್ಟರೆ ಕಿರಿದಾದ ಕಡೆ 52 ಮಿ.ಮೀ. ಕೂಡ ಇರಲಿಲ್ಲ! ಮೂರು ಇಂಚಿಗೆ ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಅದು. ಮ್ಯಾಂಡ್ರೆಲ್ ಬೆಂಡ್ (ಪೈಪ್ ಚಪ್ಪಟೆಯಾಗದಂತೆ ಒಳಗೆ ಅಚ್ಚು ಇಟ್ಟು ಬಗ್ಗಿಸುವುದು) ಬಿಟ್ಟು ಬೇರೆ ಯಾವುದಕ್ಕೂ ಒಪ್ಪಬೇಡಿ. ಬೆಸೆಯುವ ಮುನ್ನ ತುಂಡುಗಳನ್ನು ಎದುರಿಗಿಟ್ಟು, ಟಾರ್ಚ್ ಹಾಕಿ ಒಳಗೆ ನೋಡಿ. ಲೋಹ 304 ದರ್ಜೆಯ ಸ್ಟೇನ್‌ಲೆಸ್ ಇರಲಿ. ಬೆಸೆಯುವಾಗ ಪೈಪ್ ಒಳಗೆ ಆರ್ಗಾನ್ ಹಾಯಿಸಲು ಹೇಳಿ, ಇಲ್ಲದಿದ್ದರೆ ಒಳಬದಿಯ ಬೆಸುಗೆ ಕರಕಲಾಗಿ ಹರಳುಗಟ್ಟುತ್ತದೆ.

ಸಕ್ಕರೆನಾಡು ಚಾಲಕ (ಮಂಡ್ಯ)

ತುಂಬಾ ಉಪಕಾರವಾಯಿತು ಅಣ್ಣ. ಕ್ಯಾಟ್ ತೆಗೆಸಿಬಿಡಿ ಎಂದು ಇಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಒಳಗಿನ ಸದ್ದಿಗೆ ಏನು ಮಾಡುವುದು?

ಬನ್ನಿಮಂಟಪದ ವೆಲ್ಡರ್

ತೆಗೆಸಬೇಡಿ. ಕಾನೂನಿಗೂ ವಿರುದ್ಧ, ಹಿಂದೆ ಬರುವ ಸ್ಕೂಟರಿನವರ ಎದೆಗೂ ಕೇಡು. ಮೋಟಾರು ವಾಹನ ಕಾಯ್ದೆಯ 190(2)ರ ಪ್ರಕಾರ ಸದ್ದು, ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡವಿದೆ, ಲೈಸೆನ್ಸ್ ಮೂರು ತಿಂಗಳು ಅಮಾನತಾಗುತ್ತದೆ. ಹೆಚ್ಚು ಹರಿವಿನ 200 ಸೆಲ್ (ಚದರ ಇಂಚಿಗೆ 200 ರಂಧ್ರಗಳ) ಕ್ಯಾಟ್ ಸಿಗುತ್ತದೆ, ಆದರೆ ಅದೂ ಹೊಗೆ ತಪಾಸಣೆಯಲ್ಲಿ ಪಾಸಾಗಬೇಕು. ಮಾರ್ಪಾಡಿನ ಬಗ್ಗೆ 52ನೇ ಸೆಕ್ಷನ್ ಕಟ್ಟುನಿಟ್ಟಾಗಿದೆ, ಆರ್‌ಟಿಒದಲ್ಲಿ ಕೇಳಿಯೇ ಕೆಲಸ ಶುರುಮಾಡಿಸಿ.

ಗುಂಯ್ಗುಡುವುದು ಸಾಮಾನ್ಯವಾಗಿ 2,000ದಿಂದ 3,000 ಆರ್‌ಪಿಎಂ ನಡುವೆ. ನಾಲ್ಕು ಸಿಲಿಂಡರಿಗೆ 2,400ರಲ್ಲಿ ಸದ್ದಿನ ಕಂಪನ 80 ಹರ್ಟ್ಸ್ ಆಗುತ್ತದೆ. ಅದನ್ನು ಅಡಗಿಸಲು ಒಂದು ತುದಿ ಮುಚ್ಚಿದ, ಸುಮಾರು 1.4 ಮೀಟರ್ ಉದ್ದದ ಕವಲು ಕೊಳವೆ ಬೇಕು. ಆ ಕಾರಿನಡಿ ಜಾಗ ಮಾಡುವುದು ಕಷ್ಟ. ಮೊದಲು ನಡುವೆ ಒಂದು ರೆಸೊನೇಟರ್ (ಗುಂಯ್ಗುಡುವ ಸದ್ದು ತಗ್ಗಿಸುವ ಡಬ್ಬಿ), ಹಿಂದೆ ದೊಡ್ಡ ಮಫ್ಲರ್ (ಸದ್ದು ಅಡಗಿಸುವ ಸೈಲೆನ್ಸರ್ ಡಬ್ಬಿ) ಹಾಕಿಸಿ, ನಿಮ್ಮ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೈಸೂರಿಗೆ ಬನ್ನಿ. ಅವರು ಸಾಕೆಂದರೆ ಸಾಕು.

ಇನ್ನೊಂದು ಮಾತು: ಡೌನ್‌ಪೈಪ್ ಮಾಡಿಸುವಾಗ, ಟರ್ಬೊ ದಾಟಿದ ಜಾಗದಲ್ಲಿ ಹೆಚ್ಚುವರಿಯಾಗಿ ಒಂದು ಸೆನ್ಸರ್ ನಟ್ ಬೆಸೆಸಿಕೊಳ್ಳಿ. ಅಲ್ಲಿಗೆ ಒಂದು ಮೀಟರ್ ಸ್ಟೀಲ್ ನಳಿಗೆ, ಆಮೇಲೆ ರಬ್ಬರ್ ಕೊಳವೆ, ತುದಿಗೆ ಪ್ರೆಷರ್ ಗೇಜ್. ಡೈನೊ (ಕಾರಿನ ಶಕ್ತಿ ಅಳೆಯುವ ಉರುಳೆ ಯಂತ್ರ) ಮೇಲೆ ಪೂರ್ತಿ ಓಡಿಸಿದಾಗ ಮುಳ್ಳು ಎರಡು ಪಿಎಸ್‌ಐ (ಒತ್ತಡದ ಅಳತೆ) ಒಳಗೆ ನಿಂತರೆ ಎರಡು ಮುಕ್ಕಾಲು ಇಂಚು ನಿಮಗೆ ಸಾಕಾಗಿದೆ. ಅದಕ್ಕಿಂತ ಮೇಲೆ ಹೋದರೆ ಗಾಡಿ ತನ್ನಿ, ಎಲ್ಲಿ ಕಟ್ಟುತ್ತಿದೆ ಎಂದು ತುಂಡು ತುಂಡಾಗಿ ಬಿಚ್ಚಿ ಹುಡುಕೋಣ.