‘ಸೆಲ್ಫ್ ತಗೊಳ್ಳವಲ್ದು’: ಬರವಣಿಗೆಯಲ್ಲಿ ಇದನ್ನು ಹೇಗೆ ಹೇಳೋಣ?

ಗೆಳೆಯರೇ, ನಮಸ್ಕಾರ.

ಹಳೆ ಕಾರು ಇಟ್ಟುಕೊಂಡವರಿಗಾಗಿ ಕನ್ನಡದಲ್ಲಿ ಒಂದು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಕೀ ತಿರುಗಿಸಿದಾಗ ಗಾಡಿ ಚಾಲೂ ಆಗದಿದ್ದರೆ ಏನೇನು ನೋಡಬೇಕು ಅನ್ನೋದಷ್ಟೇ ವಿಷಯ. ಮೊದಲ ಸಾಲಿನಲ್ಲೇ ಪದಗಳು ತೊಡಕಾಗಿವೆ.

ಹುಬ್ಬಳ್ಳಿಯ ಗೋಕುಲ ರೋಡಿನ ಗ್ಯಾರೇಜಿಗೆ ಫೋನ್ ಮಾಡಿ ‘ಗಾಡಿ ಸ್ಟಾರ್ಟ್ ಆಗ್ತಿಲ್ಲ’ ಅಂದರೆ ಮೆಕ್ಯಾನಿಕ್ ಮೊದಲು ಕೇಳೋದು ಇದನ್ನೇ: ‘ಸೆಲ್ಫ್ ತಗೊಳ್ಳವಲ್ದೇನ್ರೀ ಸರ, ಇಲ್ಲಾ ಸೆಲ್ಫ್ ಹೊಡದ್ರೂ ಹಿಡಿಯವಲ್ದೇನ್ರೀ?’ ಎರಡೂ ಬೇರೆ ಬೇರೆ ರೋಗ. ಮೊದಲನೆಯದರಲ್ಲಿ ಎಂಜಿನ್ ತಿರುಗುವುದೇ ಇಲ್ಲ. ಬ್ಯಾಟರಿ, ಟರ್ಮಿನಲ್, ಅರ್ಥ್ ವಾಯರ್, ಸೆಲ್ಫ್ ಮೋಟಾರು (ಕೀ ತಿರುಗಿಸಿದಾಗ ಎಂಜಿನ್ ತಿರುಗಿಸುವ ಮೋಟಾರು) ನೋಡಬೇಕು. ಎರಡನೆಯದರಲ್ಲಿ ಎಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಉರಿ ಮಾತ್ರ ಹತ್ತುವುದಿಲ್ಲ. ಪ್ಲಗ್ಗಿನಲ್ಲಿ ಕಿಡಿ ಇದೆಯಾ, ಪೆಟ್ರೋಲ್ ಬರುತ್ತಿದೆಯಾ ನೋಡಬೇಕು. ಬರೆಯುವಾಗ ನಾವು ಎರಡಕ್ಕೂ ‘ಚಾಲನೆಗೊಳ್ಳುತ್ತಿಲ್ಲ’ ಅಂದುಬಿಡುತ್ತೇವೆ. ಅದನ್ನು ಓದಿದವರು ಕಿಡಿ ಇಲ್ಲದ ಗಾಡಿಗೆ ಹೊಸ ಬ್ಯಾಟರಿ ತಂದು ಹಾಕುತ್ತಾರೆ. ದುಡ್ಡು ದಂಡ, ಅಲ್ವಾ?

ಸದ್ಯಕ್ಕೆ ‘ಎಂಜಿನ್ ತಿರುಗುತ್ತಿಲ್ಲ’ ಮತ್ತು ‘ತಿರುಗುತ್ತಿದೆ, ಹಿಡಿಯುತ್ತಿಲ್ಲ’ ಅಂತ ಬರೆದಿದ್ದೇನೆ. ‘ಬೆಂಕಿ ಹಿಡಿಯಿತು’ ಅನ್ನುವಾಗಿನ ‘ಹಿಡಿ’ಯೇ ಇದು ಅಂತ ನನ್ನ ಅನಿಸಿಕೆ. ಮೈಸೂರು, ಮಂಗಳೂರು ಕಡೆಯವರಿಗೆ ಇದು ತಟ್ಟನೆ ತಿಳಿಯುತ್ತಾ?

‘ಸೆಲ್ಫ್’ ಬಿಡಲು ನನಗೆ ಮನಸ್ಸಿಲ್ಲ. ಮೊದಲೆಲ್ಲ ಕಾರಿನ ಮುಂದೆ ನಿಂತು ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಬೇಕಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಮೋಟಾರು ಆ ಕೆಲಸ ವಹಿಸಿಕೊಂಡಿತು. ಅದು ಸೆಲ್ಫ್ ಸ್ಟಾರ್ಟರ್. ನಮ್ಮ ಬಾಯಲ್ಲಿ ಬರೀ ‘ಸೆಲ್ಫ್’. ‘ಸ್ವಯಂಚಾಲಕ’ ಅಂತ ಬರೆದರೆ ಓದುವವರು ಆಟೊಮ್ಯಾಟಿಕ್ ಗೇರ್ ಅಂದುಕೊಳ್ಳುತ್ತಾರೆ.

ಇನ್ನು ‘ವಲ್ದು’. ಇದು ‘ಒಲ್ಲದು’ ಎಂಬುದರ ಆಡುಮಾತಿನ ರೂಪ. ಒಲವು, ಒಲ್ಲೆ ಎಲ್ಲ ಒಂದೇ ಬೇರಿನವು. ‘ಮಳಿ ಬರವಲ್ದು’ ಅಂದರೆ ಕಾಯುತ್ತಿದ್ದೇವೆ, ಇನ್ನೂ ಬರುತ್ತಿಲ್ಲ ಅಂತ. ‘ಮಳಿ ಬರೂದಿಲ್ಲ’ ಅಂದರೆ ಆಸೆ ಬಿಟ್ಟ ಹಾಗೆ. ‘ಚಾಲೂ ಆಗವಲ್ದು’ ಕೂಡ ಹಾಗೇ, ಕೀ ಇನ್ನೂ ಕೈಯಲ್ಲೇ ಇರುವವರ ಮಾತು. ‘ಆಗುತ್ತಿಲ್ಲ’ ಅಂತ ಬರೆದರೆ ಅರ್ಥ ಬರುತ್ತದೆ, ಆ ಪ್ರಯತ್ನದ ಬಿಸಿ ಬರುವುದಿಲ್ಲ. ಕೈಪಿಡಿಗೆ ಅಷ್ಟು ಸಾಕು ಅಂತ ಒಪ್ಪಿಕೊಂಡಿದ್ದೇನೆ.

ನನಗೆ ಜಾಸ್ತಿ ಕಾಡುತ್ತಿರುವುದು ‘ಅರ್ಥ್’ಗೆ ಬರವಣಿಗೆಯಲ್ಲಿ ಬಳಸುವ ‘ಭೂಸಂಪರ್ಕ’. ಮನೆಯ ವೈರಿಂಗಿಗೆ ಇದು ಸರಿ, ಅಲ್ಲಿ ತಂತಿ ನಿಜವಾಗಿಯೂ ನೆಲಕ್ಕೆ ಹೋಗುತ್ತದೆ. ಕಾರು ನಿಂತಿರುವುದು ರಬ್ಬರ್ ಟಯರ್ ಮೇಲೆ. ಅಲ್ಲಿ ಅರ್ಥ್ ಅಂದರೆ ಕರೆಂಟು ಬ್ಯಾಟರಿಯ ಮೈನಸ್ಸಿಗೆ ವಾಪಸ್ ಬರುವ ದಾರಿ. ಎಷ್ಟೋ ಹಳೆ ಕಾರುಗಳಲ್ಲಿ ಮೈನಸ್ ವಾಯರ್ ಕಾರಿನ ಬಾಡಿಗೆ, ಅಂದರೆ ಲೋಹದ ಮೈಗೆ, ಬಂದು ಸೇರುತ್ತದೆ, ಎಂಜಿನ್ನಿನಿಂದ ಆ ಬಾಡಿಗೆ ಹೆಣೆದ ತಂತಿಯ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯ ಬೋಲ್ಟ್ ತುಕ್ಕು ಹಿಡಿದರೆ ನೋಡಿ: ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, ಹೆಡ್‌ಲೈಟ್ ಝಗಝಗ ಉರಿಯುತ್ತದೆ, ಕೀ ತಿರುಗಿಸಿದರೆ ಬರೀ ‘ಟಕ್’. ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ವಾಪಸ್ ದಾರಿಯಲ್ಲೇ ತೊಂದರೆ. ಮೈನಸ್ ಟರ್ಮಿನಲ್ ಮೊದಲು ಬಿಚ್ಚಿ, ಆಮೇಲೆ ಪಟ್ಟಿಯ ಎರಡೂ ತುದಿ ಸ್ಯಾಂಡ್ ಪೇಪರಿನಿಂದ ಹೊಳೆಯುವ ತನಕ ಉಜ್ಜಿ, ಪಾನಾ ಹಾಕಿ ಬಿಗಿ ಮಾಡಿದರೆ ಎಷ್ಟೋ ಗಾಡಿ ಅಲ್ಲೇ ಸರಿಹೋಗುತ್ತವೆ. ಇದನ್ನು ‘ಭೂಸಂಪರ್ಕ ಪರೀಕ್ಷಿಸಿ’ ಅಂತ ಬರೆದರೆ ಓದಿದವರು ಎಲ್ಲಿ ಹುಡುಕಬೇಕು? ಗ್ಯಾರೇಜಿನ ‘ಬಾಡಿ ಅರ್ಥ್’ ಹಾಗೇ ಇಡಲಾ, ‘ವಾಪಸ್ ತಂತಿ’ ಅನ್ನಲಾ?

ಒಂದೇ ಸಲದ ‘ಟಕ್’ಗೂ, ಬ್ಯಾಟರಿ ಇಳಿದಾಗಿನ ‘ಟಕಟಕಟಕ’ಕ್ಕೂ ನಿಮ್ಮ ಊರಿನ ಗ್ಯಾರೇಜುಗಳಲ್ಲಿ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಜಿಲ್ಲೆಯ ಹೆಸರು ಜೊತೆಗೆ ಬರೆದರೆ ಒಳ್ಳೆಯದು.