ಅಪ್‌ಡೇಟ್: ಧ್ವನಿನಾಟಕದ ಮೊದಲ ಕಂತು ಸಿದ್ಧ

ಎಚ್. ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯನ್ನು ಕನ್ನಡ ಧ್ವನಿನಾಟಕ ಮಾಡಲು ಅನುಮತಿ ಬೇಕೇ, ಅದರ ಉದ್ದುದ್ದ ವರ್ಣನೆಗಳನ್ನು ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆ.

ಅನುಮತಿ ಬೇಕಿಲ್ಲ. ಲೇಖಕರು ತೀರಿಕೊಂಡದ್ದು 1946ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರ ಮರಣದ ನಂತರ 60 ವರ್ಷ ಉಳಿಯುವ ಕೃತಿಸ್ವಾಮ್ಯ ಎಂದೋ ಮುಗಿದಿದೆ. ಅನುವಾದಗಳ ಹಕ್ಕು ಮಾತ್ರ ಬೇರೆ, ಹಾಗಾಗಿ ಮೂಲದಿಂದಲೇ ಬರೆದೆ.

ವರ್ಣನೆಯದೇ ದೊಡ್ಡ ಕೆಲಸವಾಯಿತು. 1938ರ ಅಮೆರಿಕದ ರೇಡಿಯೊ ರೂಪಾಂತರ ಸುದ್ದಿಪ್ರಸಾರದ ಧಾಟಿ ಹಿಡಿದಿತ್ತು. ನಾನು ಆ ದಾರಿ ಬಿಟ್ಟು, ಕಾದಂಬರಿಯಲ್ಲಿ ಮಂಗಳ ಗ್ರಹದವರ ಸಿಲಿಂಡರ್ ಬಂದು ಬೀಳುವ ಹಾರ್ಸೆಲ್ ಬಯಲಿನ ಗುಂಡಿಯ ಸುತ್ತ ನೆರೆದವರ ಮಾತಿಗೇ ವರ್ಣನೆಯನ್ನು ಹಂಚಿದೆ. ಸಿಲಿಂಡರಿನ ಮುಚ್ಚಳ ತಿರುಗುವ ಸದ್ದು ಅಮ್ಮನ ಹಿತ್ತಾಳೆ ಚಕ್ಕುಲಿ ಒರಳಿನದು. ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ! ಸರಸ್ವತಿಪುರಂನ ಮನೆಯಲ್ಲಿ, ವಾಹನಗಳ ಸದ್ದು ಅಡಗಿದ ಮೇಲೆ ಧ್ವನಿಮುದ್ರಣ. ಮಂಗಳ ಗ್ರಹದವರ ಅಸ್ತ್ರವಾದ ಉಷ್ಣಕಿರಣದ ದೃಶ್ಯವಿರುವ ಎರಡನೆಯ ಕಂತನ್ನು ಈಗ ಸಂಕಲಿಸುತ್ತಿದ್ದೇನೆ.