1986ರ ಯೆಜ್ಡಿ ರೋಡ್‌ಕಿಂಗ್: ದೂರದ ಪ್ರಯಾಣಕ್ಕೆ ಮಾರ್ಪಡಿಸಲು 40 ಸಾವಿರ ಸಾಕೇ? ಅನುಭವ ಹೇಳಿ

ಪ್ರಶ್ನೆ (ದಾವಣಗೆರೆ): ಸೋದರಮಾವ ಕೊಟ್ಟ ರೋಡ್‌ಕಿಂಗ್ ಬೈಕ್ ಇದೆ. ಎಂಜಿನ್ ಶುರುವಾಗುತ್ತದೆ, ಹೊಗೆ ಸ್ವಲ್ಪ ಹೆಚ್ಚು. ಡಿಸೆಂಬರಿನಲ್ಲಿ ಗೋಕರ್ಣದಿಂದ ಕರಾವಳಿ ಹಿಡಿದು ಕನ್ಯಾಕುಮಾರಿಗೆ ಹೋಗುವ ಆಸೆ. ಅಗಲವಾದ ಹ್ಯಾಂಡಲ್, ಎರಡೂ ಬದಿಗೆ ಕಬ್ಬಿಣದ ಪೆಟ್ಟಿಗೆ, ಒಂಟಿ ಸೀಟು, ಕಪ್ಪು ಬಣ್ಣ ಬೇಕು. ಕೈಯಲ್ಲಿರುವುದು 40,000 ರೂಪಾಯಿ. ಮಾಡಿಸಿದವರು ದಯವಿಟ್ಟು ತಿಳಿಸಿ.

ಎರಡು ಸೈಲೆನ್ಸರ್: ಬಣ್ಣದ ಮಾತು ಆಮೇಲೆ. ನನ್ನದು 1983ರ ಗಾಡಿ. ಮೊದಲು ಎಂಜಿನ್ ಬಿಚ್ಚಿಸಿದೆ, ಅದಕ್ಕೇ ಇಂದಿಗೂ ಓಡುತ್ತಿದೆ. ಲೆಕ್ಕ ಬರೆದಿಟ್ಟಿದ್ದೇನೆ: ಕನೆಕ್ಟಿಂಗ್ ರಾಡ್ ಕಿಟ್ 2,800, ಬೇರಿಂಗ್ 1,900, ಆಯಿಲ್ ಸೀಲ್ 450, ಕ್ರ್ಯಾಂಕ್ ಒತ್ತಿಸಿ ನೇರ ಮಾಡಿಸಿದ ಕೂಲಿ 1,500, ರಿಬೋರ್ (ಸವೆದ ಸಿಲಿಂಡರನ್ನು ಕೊರೆಸುವುದು) 700, ಪಿಸ್ಟನ್ ಮತ್ತು ರಿಂಗ್ 2,200, ಕ್ಲಚ್ ಪ್ಲೇಟ್ 1,100, ಚೈನು ಸ್ಪ್ರಾಕೆಟ್ 2,400, ಮೇಸ್ತ್ರಿಯ ಕೂಲಿ 6,000. ಒಟ್ಟು 19,050. ಇಷ್ಟಕ್ಕೆ ಮುಗಿದಿದ್ದರೆ ಪುಣ್ಯ. ಅಂಗಡಿಯವನು ಹೊಳೆಯುವ ಡಬ್ಬಿಯಲ್ಲಿ ಕೊಟ್ಟ ಪಿಸ್ಟನ್ ನಕಲಿ. ತುಮಕೂರು ದಾಟುತ್ತಿದ್ದಂತೆ ಕಾದು ಹಿಡಿದುಕೊಂಡಿತು. ಮತ್ತೆ ರಿಬೋರ್, ಮತ್ತೆ ಪಿಸ್ಟನ್, ಗಾಡಿ ಹೊತ್ತು ತಂದ ಟೆಂಪೋಗೆ 1,800. ಅಂದರೆ ಇನ್ನೂ 4,700. ಬಿಲ್ ಇಲ್ಲವೆಂದು ಅಂಗಡಿಯವನು ನನ್ನ ಮುಖವನ್ನೇ ನೋಡಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ.

ಘಟ್ಟದ ದಾರಿ: ನಾನು ಖರ್ಚು ಮಾಡಿದ್ದು ಬೆಳಕಿಗೆ. ನನ್ನದು ಅದಕ್ಕೂ ಹಿಂದಿನ ಜಾವಾ, 6 ವೋಲ್ಟಿನ ಡೈನಮೋ. ಚಾರ್ಮಾಡಿಯಲ್ಲಿ ಮಂಜು ಇಳಿದರೆ ಹೆಡ್‌ಲೈಟ್ ಮುಂದಿನ ಚಕ್ರವನ್ನಷ್ಟೇ ತೋರಿಸುತ್ತಿತ್ತು. 12 ವೋಲ್ಟಿಗೆ ಬದಲಿಸುವ ಕಿಟ್, ಎಲೆಕ್ಟ್ರಾನಿಕ್ ಇಗ್ನಿಷನ್ ಸಮೇತ, 13,500. ಬ್ಯಾಟರಿ 1,400. ವೈರಿಂಗ್ ಪೂರ್ತಿ ಹೊಸದು, 3,200. ಹಳೆಯ ಇಗ್ನಿಷನ್ನಿನ ಪಾಯಿಂಟ್ ಉಜ್ಜುವ ಕೆಲಸ ಅಂದಿಗೆ ಮುಗಿಯಿತು. ಲಗೇಜು ಹೊತ್ತು ಘಟ್ಟ ಇಳಿಯುವವರು ಇನ್ನೊಂದು ತಿಳಿದಿರಬೇಕು: ನಮ್ಮ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಮೈಲುಗಟ್ಟಲೆ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಲೇ ಇರುತ್ತದೆ, ಪಿಸ್ಟನ್ನಿಗೆ ಎಣ್ಣೆ ಮಾತ್ರ ಸಿಗುವುದಿಲ್ಲ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು.

ಎರಕದ ಬುಲೆಟ್: ಘಟ್ಟ ಇಳಿಯಲು ಇಷ್ಟು ಉಪಚಾರ ಬೇಡುವ ಗಾಡಿಯನ್ನು ದೂರದ ಪ್ರಯಾಣಕ್ಕೆ ಯಾಕೆ ಒಯ್ಯಬೇಕು? ನನ್ನ 1992ರ ಬುಲೆಟ್ 350, ಎರಕದ ಕಬ್ಬಿಣದ ಎಂಜಿನ್, ಗೇರು ಬಲಗಾಲಿಗೆ. ಪೆಟ್ಟಿಗೆಯ ಸ್ಟ್ಯಾಂಡನ್ನು ಚಾಸಿಗೇ ವೆಲ್ಡಿಂಗ್ ಮಾಡಿಸಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆಸುಗೆಯ ಪಕ್ಕದಲ್ಲೇ ಚಾಸಿ ಬಿರುಕು ಬಿಟ್ಟಿತು. ಕಬ್ಬಿಣ ಕಾದ ಜಾಗ, ಮೇಲೆ ಭಾರ, ಕೆಳಗೆ ಅಂಕೋಲೆಯ ಹೆದ್ದಾರಿಯ ಗುಂಡಿ. ಕತ್ತರಿಸಿ ಸರಿಪಡಿಸಲು 4,500. ಈಗ ಎಲ್ಲವೂ ಕ್ಲ್ಯಾಂಪು ಮತ್ತು ಬೋಲ್ಟು. ಕ್ಲ್ಯಾಂಪಿಗೆ 1,600, ಮಿಲಿಟರಿ ಕ್ಯಾನ್ವಾಸಿನ ಚೀಲಗಳಿಗೆ 1,200. ಕಬ್ಬಿಣದ ಪೆಟ್ಟಿಗೆ ಬೇಡವೇ ಬೇಡ.

ಎರಡು ಸೈಲೆನ್ಸರ್: ಬುಲೆಟ್ ಸ್ವಾಮಿಗಳೇ, ಕೇಳಿದ್ದು ಯೆಜ್ಡಿಯ ಬಗ್ಗೆ. ನಿಮ್ಮದೇ ಚಾಸಿ ಬಿರುಕು ಬಿಟ್ಟಿರುವಾಗ ನಮ್ಮ ಗಾಡಿಗೆ ಉಪಚಾರವೆಂದು ಹೆಸರಿಡಬೇಡಿ.

ಎರಕದ ಬುಲೆಟ್: ತುಮಕೂರಿನಿಂದ ಟೆಂಪೋದಲ್ಲಿ ಬಂದದ್ದು ನನ್ನ ಗಾಡಿಯಲ್ಲ.

ನೊಂದವನು: ಇಬ್ಬರೂ ನಿಲ್ಲಿಸಿ. ಆರ್‌ಸಿ (ನೋಂದಣಿ ಪತ್ರ) ಬಗ್ಗೆ ಯಾರೂ ಹೇಳುತ್ತಿಲ್ಲ. ನಾನು ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಚಾಸಿಯ ಬಾಲ ಮೊಟಕು ಮಾಡಿ, ಬೇರೆ ಟ್ಯಾಂಕ್ ಕೂರಿಸಿ, ಒಂಟಿ ಸೀಟು ಹಾಕಿಸಿದ್ದೆ. 31,000 ರೂಪಾಯಿ. ಐದು ವರ್ಷಕ್ಕೊಮ್ಮೆ ಆಗಬೇಕಾದ ನವೀಕರಣಕ್ಕೆ ಒಯ್ದರೆ ಇನ್‌ಸ್ಪೆಕ್ಟರ್ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ನೋಡುವ ಮೊದಲೇ ತಲೆಯಾಡಿಸಿದರು. ಆರ್‌ಸಿಯಲ್ಲಿ ಆಸನ ಎರಡು, ಗಾಡಿಯಲ್ಲಿ ಒಂದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಿ. ತಯಾರಕರ ವಿವರಣೆಗೆ ವ್ಯತ್ಯಾಸವಾಗುವ ಬದಲಾವಣೆ ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಳೆಯ ಮಡ್‌ಗಾರ್ಡ್ ಮತ್ತು ಸೀಟು ಹುಡುಕಿ ಮೊದಲಿನಂತೆ ಮಾಡಿಸಲು 9,400 ಹೋಯಿತು. ಅಷ್ಟರಲ್ಲಿ ಅವಧಿ ಮೀರಿ ತಿಂಗಳಿಗೆ 300ರಂತೆ ವಿಳಂಬ ಶುಲ್ಕ. ಕಪ್ಪು ಬಣ್ಣ ಬಳಿಸುವುದಾದರೆ ಅದನ್ನೂ ಆರ್‌ಸಿಯಲ್ಲಿ ಬರೆಸಬೇಕು.

ಎರಕದ ಬುಲೆಟ್: ಇಷ್ಟು ಹೆದರಿಸಬೇಡಿ. ಹಳೆಯ ಗಾಡಿಯನ್ನು ಯಾರು ತಡೆದು ಕಲಂ ಓದುತ್ತಾರೆ?

ನೊಂದವನು: ತಡೆಯುವುದು ರಸ್ತೆಯಲ್ಲಲ್ಲ, ನವೀಕರಣದ ದಿನ. ಅಪಘಾತವಾದರೆ ವಿಮೆಯವರೂ ಅದನ್ನೇ ಕೇಳುತ್ತಾರೆ. ನನ್ನ ದುಡ್ಡು ಹೋಗಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ (ದಾವಣಗೆರೆ): ಎಲ್ಲರಿಗೂ ಧನ್ಯವಾದ. ಒಂಟಿ ಸೀಟಿನ ಯೋಚನೆ ಬಿಟ್ಟೆ. ಅಗಲ ಹ್ಯಾಂಡಲಿಗೆ ಕೇಬಲ್‌ಗಳ ಉದ್ದ ಸಾಕಾಗುತ್ತದೆಯೇ?

ಯಾದವಗಿರಿ: ನಮ್ಮ ತಂದೆ ಜಾವಾ, ಯೆಜ್ಡಿ ತಯಾರಾಗುತ್ತಿದ್ದ ಮೈಸೂರಿನ ಕಾರ್ಖಾನೆಯಲ್ಲಿ ದುಡಿದವರು. 1961ರಿಂದ ಗಾಡಿ ಹೊರಬಂದ ಆ ಗೇಟು 1996ರಲ್ಲಿ ಮುಚ್ಚಿದಾಗ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಆದ್ದರಿಂದ ಕೇಳಿಕೊಳ್ಳುತ್ತೇನೆ, ಮೂಲ ಭಾಗಗಳನ್ನು ಗುಜರಿಗೆ ಹಾಕಬೇಡಿ. ಈಗ ಅದೇ ಹೆಸರಿನಲ್ಲಿ ಬರುವ ಹೊಸ ಗಾಡಿಗಳ ಭಾಗಗಳು ಇವಕ್ಕೆ ಹೊಂದುವುದಿಲ್ಲ. ನಾನು ಸೇರಿಸಿದ್ದು ಕ್ಲ್ಯಾಂಪಿನ ಕ್ಯಾರಿಯರ್ ಮಾತ್ರ, 2,100. ಹಿಂದುಮುಂದಿನ ಬ್ರೇಕ್ ಲೈನರ್ 650, 18 ಇಂಚಿನ ಟೈರು ಎರಡು, ಟ್ಯೂಬ್ ಸೇರಿ 5,200. ಕಾರವಾರದ ತನಕ ಏನೂ ತೊಂದರೆಯಿಲ್ಲದೆ ಹೋಗಿ ಬಂದೆ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಎಣ್ಣೆ, ಅದಕ್ಕಿಂತ ಕಡಿಮೆ ಹಾಕುವುದಿಲ್ಲ.

ಘಟ್ಟದ ದಾರಿ: 40 ಹೆಚ್ಚಾಯಿತು. ಈಗಿನ ಎಣ್ಣೆ ಹಿಂದಿನದಲ್ಲ. ನಾನು 30 ಹಾಕುತ್ತೇನೆ, ಸೈಲೆನ್ಸರಿನಲ್ಲಿ ಮಸಿ ಕಟ್ಟುವುದಿಲ್ಲ.

ಯಾದವಗಿರಿ: ಮಸಿ ಕಟ್ಟಿದರೆ ಸೈಲೆನ್ಸರಿನ ಒಳಕೊಳವೆ ಬಿಚ್ಚಿ ಸುಟ್ಟು ತೆಗೆಯಬಹುದು. ಪಿಸ್ಟನ್ ಹಿಡಿದುಕೊಂಡರೆ ಏನು ಮಾಡುವುದೆಂದು ಎರಡು ಸೈಲೆನ್ಸರ್ ಅವರನ್ನು ಕೇಳಿ.

ಎರಡು ಸೈಲೆನ್ಸರ್: ನನ್ನ ಪಿಸ್ಟನ್ ಹಿಡಿದದ್ದು ನಕಲಿ ಮಾಲಿನಿಂದ, ಎಣ್ಣೆಯಿಂದಲ್ಲ. ನೀವಿಬ್ಬರೂ ಮರೆತದ್ದು 20 ಪ್ರತಿಶತ ಎಥನಾಲಿನ ಪೆಟ್ರೋಲ್. ಟ್ಯಾಂಕಿನಲ್ಲಿ ನಿಂತರೆ ನೀರು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರು ಉಬ್ಬುತ್ತದೆ.

ಘಟ್ಟದ ದಾರಿ: ನನ್ನ ಗಾಡಿಯಲ್ಲಿ ಏನೂ ಉಬ್ಬಿಲ್ಲ.

ಎರಡು ಸೈಲೆನ್ಸರ್: ನಿಮ್ಮದು ದಿನವೂ ಓಡುತ್ತದೆ, ಪೆಟ್ರೋಲ್ ನಿಲ್ಲುವುದೇ ಇಲ್ಲ. ನನ್ನದು ಮಳೆಗಾಲವಿಡೀ ನಿಂತಿತ್ತು. ಪೆಟ್ರೋಲ್ ಕೊಳವೆ, ನಲ್ಲಿಯ ವಾಷರ್, ಕಾರ್ಬುರೇಟರಿನ ಗ್ಯಾಸ್ಕೆಟ್ ಮೂರನ್ನೂ ಬದಲಿಸಿದ ಬಿಲ್ ಎದುರಿಗೇ ಇದೆ: 380 ರೂಪಾಯಿ, ಕೂಲಿ ಬೇರೆ. ಗಾಡಿ ನಿಲ್ಲಿಸುವ ಮುಂಚೆ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡಿ.